ಟೋಪಿ ಹಾಕಿದ ಎಂ

"ಅರ್ಧ ಗಂಟೆ ಕೊಡು ಸಾಕು. ಇಬ್ಬರನ್ನೂ ಒಂದೇ ಕಂಪ್ಯೂಟರಿನೊಳಗೆ ಇಟ್ಟು, ಒಬ್ಬರ ತಂಟೆಗೆ ಒಬ್ಬರು ಹೋಗದ ಹಾಗೆ ಸಂಸಾರ ಹೂಡಿಸಿಬಿಡ್ತೀನಿ" ಎಂದು ಶನಿವಾರ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಘೋಷಿಸಿದ ಗಂಡನನ್ನು ಡಾಕ್ಟರಮ್ಮ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಕಚ್ಚುವ ನಾಯಿಯೋ ಬರೀ ಬೊಗಳುವ ನಾಯಿಯೋ ಎಂದು ಅಳೆಯುವಾಗ ಅವಳು ನೋಡುವುದು ಹೀಗೆಯೇ.

ಗಂಡ ಲಿಫ್ಟು ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಲಿಫ್ಟು ಯಾವ ಮಹಡಿಯಲ್ಲಿ ಎಷ್ಟು ಹೊತ್ತು ಬಾಯಿ ತೆರೆದುಕೊಂಡಿರಬೇಕು ಎಂಬುದನ್ನು ನಿರ್ಧರಿಸುವ ಮಹಾನುಭಾವ. ಯಾರು ಯಾವ ಕೆಲಸ ಹೇಳಿದರೂ "ಅರ್ಧ ಗಂಟೆ" ಎನ್ನುವ ಚಟದಿಂದಾಗಿ ಆಫೀಸಿನಲ್ಲಿ ಅವನಿಗೆ ಅರ್ಧಗಂಟೆ ಎಂದೇ ಹೆಸರು ಬಿದ್ದಿತ್ತು. ಆ ಹೆಸರು ಹೇಗೋ ಮನೆಯವರೆಗೂ ಬಂದು, ಹೋಗದೆ ಉಳಿದುಬಿಟ್ಟಿತ್ತು. ಹೆಂಡತಿ ಪಶುವೈದ್ಯೆ. ಮನೆಯ ಕೆಳಗಿನ ಅಂತಸ್ತಿನಲ್ಲಿ ಅವಳ ಕ್ಲಿನಿಕ್ಕು, ಮೇಲೆ ಸಂಸಾರ. ಸಂಸಾರದಲ್ಲಿ ಮೂರನೆಯವರು ಅತ್ತೆ, ಅಂದರೆ ಡಾಕ್ಟರಮ್ಮನ ತಾಯಿ. ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಟೆಲಿಪ್ರಿಂಟರಿನ ಮುಂದೆ ಕುಳಿತು ನಿವೃತ್ತರಾದವರು. ಮಾತು ಕಡಿಮೆ. ಒಂದೊಂದು ಪದಕ್ಕೂ ದುಡ್ಡು ಲೆಕ್ಕ ಹಾಕುವ ಕಡೆ ದುಡಿದವರಲ್ಲವೇ!

ಕ್ಲಿನಿಕ್ಕಿನ ಹಳೆಯ ಕಂಪ್ಯೂಟರು ಬುಧವಾರ ಕಣ್ಣು ಮುಚ್ಚಿತ್ತು. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಇತ್ತು, ಲಿನಕ್ಸಿನಲ್ಲಿ ಅರ್ಧಗಂಟೆ ಸ್ವಹಸ್ತದಿಂದ ಬರೆದ ಪ್ರೋಗ್ರಾಮ್ ಇತ್ತು. ಪ್ರತಿದಿನ ಬೆಳಿಗ್ಗೆ ಯಾವ ನಾಯಿಗೆ, ಯಾವ ಬೆಕ್ಕಿಗೆ ಲಸಿಕೆಯ ಗಡುವು ಬಂದಿದೆ ಎಂದು ನೋಡಿ, ಸಾಕಿದವರ ಫೋನಿಗೆ ಅದು ಸಂದೇಶ ಕಳಿಸುತ್ತಿತ್ತು. ಪ್ರೋಗ್ರಾಮೂ ರಿಜಿಸ್ಟರಿನ ನಕಲೂ ಪುಣ್ಯಕ್ಕೆ ಅವನ ಪೆನ್‌ಡ್ರೈವಿನಲ್ಲಿ ಉಳಿದಿದ್ದವು. ಹೊಸ ಕಂಪ್ಯೂಟರು ಬಂತು. ಆದರೆ ಎಕ್ಸ್-ರೇ ಯಂತ್ರದ ಜೊತೆ ಕೊಟ್ಟಿದ್ದ ಸಾಫ್ಟ್‌ವೇರು ಲಿನಕ್ಸ್ ಎಂದರೆ ಮುಖ ತಿರುಗಿಸುವ ಜಾತಿಯದು. ಅಂಗಡಿಯವನು ಹಾಕಿಕೊಟ್ಟ ಮಾಮೂಲಿ ವ್ಯವಸ್ಥೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಆದ್ದರಿಂದ ಮಾಮೂಲಿಯನ್ನು ಹೊರಗೆ ಹಾಗೇ ಇಟ್ಟು, ಅದರ ಹೊಟ್ಟೆಯೊಳಗೆ ಲಿನಕ್ಸ್ ನಡೆಸುವುದು ಅವನ ಯೋಜನೆ.

ಡಾಕ್ಟರಮ್ಮ ತನ್ನ ಕಡೆಯಿಂದ ಒಂದು ಸಲಹೆ ಕೊಟ್ಟು ನೋಡಿದಳು. ಒಂದು ತಿಂಗಳು ರಿಜಿಸ್ಟರ್ ನೋಡಿಕೊಂಡು ತಾನೇ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಗೊತ್ತಿದ್ದವರು ಯಾರಾದರೂ ಬಂದು ನಿಧಾನವಾಗಿ ಮಾಡಿಕೊಡಲಿ ಎಂದಳು. "ಗೊತ್ತಿದ್ದವರು" ಎಂಬ ಒಂದು ಪದ ಅರ್ಧಗಂಟೆಯ ಎದೆಗೆ ಬಾಣದಂತೆ ನಾಟಿತು. ಅವನು ಕಾಫಿಯನ್ನೂ ಅರ್ಧಕ್ಕೆ ಬಿಟ್ಟು ಕೆಳಗೆ ಇಳಿದ.

ಲಿನಕ್ಸ್ ಹತ್ತೇ ನಿಮಿಷದಲ್ಲಿ ಒಳಗೆ ಬಂದು ಕೂತಿತು. ಕಪ್ಪು ಪರದೆ ತೆರೆದುಕೊಂಡಿತು. ಈ ವೈಭವಕ್ಕೆ ಒಬ್ಬ ಸಾಕ್ಷಿಯಾದರೂ ಇರಲೆಂದು ಅವನು ಅತ್ತೆಯನ್ನು ಕೂಗಿ ಕರೆದ. ಅವರು ಬಂದು, ಕನ್ನಡಕ ಸರಿಪಡಿಸಿಕೊಂಡು, ಪರದೆ ಕಪ್ಪಗಿದೆಯಲ್ಲ ಎಂದಷ್ಟೇ ಹೇಳಿ, ಕ್ಲಿನಿಕ್ಕಿನ ಮೂಲೆಯ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕುಳಿತರು.

ಮೊದಲ ಎಡವಟ್ಟು ಆದದ್ದು ಹತ್ತೂವರೆಗೆ. ಅವನ ಪ್ರೋಗ್ರಾಮಿಗೆ ಒಂದು ಉಪಕರಣ, ಅಂದರೆ ನೆರವಿನ ಇನ್ನೊಂದು ಸಾಫ್ಟ್‌ವೇರು, ಬೇಕಿತ್ತು, ಅದೂ ಹೊಸ ಆವೃತ್ತಿಯೇ ಆಗಬೇಕಿತ್ತು. ಅದನ್ನಿನ್ನೂ ಹಾಕಬೇಕಷ್ಟೆ ಎಂದುಕೊಂಡು, ಸುಮ್ಮನೆ ಹೆಸರು ಟೈಪು ಮಾಡಿ ನೋಡಿದರೆ, ಹಾಕದೇ ಇದ್ದ ಉಪಕರಣ "ಇದ್ದೀನಿ" ಎಂದಿತು! ಅವನು ಹಿಗ್ಗಿಹೋದ. ಲಿನಕ್ಸ್ ಎಂದರೆ ಹೀಗಿರಬೇಕು, ಕೇಳುವ ಮೊದಲೇ ಎಲ್ಲ ತಂದಿಟ್ಟಿರುತ್ತದೆ ಎಂದು ಅತ್ತೆಗೆ ಕೇಳುವಂತೆ ಹೊಗಳಿದ. ಆಮೇಲೆ ಆ ಉಪಕರಣಕ್ಕೆ ಬೇಕಾದ ಬಿಡಿಭಾಗಗಳನ್ನೆಲ್ಲ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ. ಪ್ರೋಗ್ರಾಮ್ ನಡೆಸಿದರೆ, ಈ ಬಿಡಿಭಾಗಗಳು ನನ್ನವಲ್ಲ, ನನಗೆ ಅಳತೆಯೇ ಆಗುವುದಿಲ್ಲ ಎಂದು ಲಿನಕ್ಸ್ ತಳ್ಳಿಹಾಕಿತು. ಅಳಿಸಿದ, ಮತ್ತೆ ಇಳಿಸಿದ. ಮತ್ತೆ ಅದೇ ಹಾಡು.

ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಗುಟ್ಟು ಬಯಲಾಯಿತು. "ಇದ್ದೀನಿ" ಎಂದದ್ದು ಒಳಗಿನವನಲ್ಲ, ಹೊರಗಿನವನು. ಎಕ್ಸ್-ರೇ ಸಾಫ್ಟ್‌ವೇರು ತನ್ನ ಕೆಲಸಕ್ಕೆಂದು ಅದೇ ಹೆಸರಿನ ಉಪಕರಣವನ್ನು ಹೊರಗಿನ ವ್ಯವಸ್ಥೆಯಲ್ಲಿ ಇಟ್ಟುಕೊಂಡಿತ್ತು. ಲಿನಕ್ಸ್ ತನ್ನ ಮನೆಯಲ್ಲಿ ಹುಡುಕಿ, ಸಿಗದಿದ್ದಾಗ ಹೊರಗಿನವನ ಮನೆಗೂ ಹೋಗಿ ಹುಡುಕುತ್ತಿತ್ತು. ಬೀದಿಯಲ್ಲಿ ನಿಂತು "ಅಪ್ಪಾ" ಎಂದು ಕೂಗಿದರೆ ಪಕ್ಕದ ಮನೆಯವರ ಅಪ್ಪ ಲುಂಗಿ ಕಟ್ಟಿಕೊಳ್ಳುತ್ತ ಆಚೆ ಬಂದಂತಾಗಿತ್ತು. ಅರ್ಧಗಂಟೆಗೆ ಕೋಪ ಬಂತು. ಕೋಪ ಬಂದವನು ಒಳಗಿನವನಿಗೆ, ಹೊರಗೆ ಹುಡುಕಬೇಡಪ್ಪ ಎಂದು ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಅದು ಬಿಟ್ಟು ಹೊರಗಿನ ಉಪಕರಣವನ್ನೇ ಕಿತ್ತು ಬಿಸಾಡಿದ.

ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ, ಮಹಡಿಯಿಂದ ಬಿದ್ದ ಬೆಕ್ಕೊಂದನ್ನು ಎಕ್ಸ್-ರೇ ಮೇಜಿನ ಮೇಲೆ ಮಲಗಿಸಿದ್ದಳು. ಅವಳು ಗುಂಡಿ ಒತ್ತಿದಳು, ಯಂತ್ರ ಗುಂಯ್ ಎಂದಿತು, ಚಿತ್ರ ಮಾತ್ರ ಬರಲಿಲ್ಲ. ಬೆಕ್ಕಿನ ಹಿಂಗಾಲು ಮುರಿದಿದೆಯೋ ಬರೀ ಉಳುಕಿದೆಯೋ ಗೊತ್ತಾಗದೆ ಕಟ್ಟು ಹಾಕುವಂತಿರಲಿಲ್ಲ. ಬೆಕ್ಕಿನ ಒಡತಿ ಅಳುತ್ತಿದ್ದಳು. ಬೆಕ್ಕು ಅಳುವುದನ್ನು ಬಿಟ್ಟು ಬೈಯಲು ಶುರುಮಾಡಿತ್ತು. ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಬಾಗಿಲಲ್ಲಿ ಬಂದು ನಿಂತಳು.

"ರೀ, ಈಗ ಏನನ್ನಾದರೂ ತೆಗೆದ್ರಾ?"

"ಬೇಡದ್ದೊಂದನ್ನ ತೆಗೆದೆ ಅಷ್ಟೆ."

"ನನಗೆ ಬೇಕಿತ್ತು. ವಾಪಸ್ ಹಾಕಿ."

ವಾಪಸ್ ಹಾಕಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅತ್ತೆ ಬೆಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಣೆದಷ್ಟು ಸ್ವೆಟರಿನಲ್ಲಿ ಸುತ್ತಿ, ಕಾಲು ಅಲುಗದಂತೆ ಹಿಡಿದು ಕುಳಿತಿದ್ದರು. ಕಡೆಗೂ ಚಿತ್ರ ಬಂತು, ಕಾಲು ಮುರಿದಿರಲಿಲ್ಲ. ಅರ್ಧಗಂಟೆ ಅದನ್ನೂ ತನ್ನ ಗೆಲುವಿನ ಖಾತೆಗೇ ಹಾಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬುದ್ಧಿ ಬಂದು, ಲಿನಕ್ಸಿಗೆ ಹೊರಗೆ ಇಣುಕಬೇಡ ಎಂದು ಆ ಒಂದು ಸಾಲು ಬರೆದು, ಅದರದೇ ಸ್ವಂತ ಉಪಕರಣ ತಂದುಕೊಟ್ಟ. ಆ ಜಗಳ ಅಲ್ಲಿಗೆ ಮುಗಿಯಿತು. ಇನ್ನು ಪ್ರೋಗ್ರಾಮಿಗೆ ಚಾಲನೆ ಕೊಡುವ ಪುಟ್ಟ ಕಡತವನ್ನೂ, ಅದರ ಸೆಟ್ಟಿಂಗ್ಸ್ ಇರುವ ಇನ್ನೊಂದು ಕಡತವನ್ನೂ ಸ್ವಲ್ಪ ತಿದ್ದಬೇಕಿತ್ತು. ಕಪ್ಪು ಪರದೆಯಲ್ಲಿ ತಿದ್ದಿದರೆ ಕಣ್ಣಿಗೆ ಶ್ರಮವೆಂದು ಎರಡನ್ನೂ ಹೊರಗಿನ ವ್ಯವಸ್ಥೆಯ ಬಿಳಿ ಪರದೆಯಲ್ಲಿ ತೆರೆದು, ಆರಾಮಾಗಿ ತಿದ್ದಿ, ಉಳಿಸಿದ. ಸೆಟ್ಟಿಂಗ್ಸಿನಲ್ಲಿ "ಪರೀಕ್ಷೆ" ಎಂಬ ಪದವನ್ನು ತನ್ನ ಕೈಯಾರೆ ಬರೆದ. ಆ ಪದ ಇದ್ದರೆ ಯಾರಿಗೂ ಸಂದೇಶ ಹೋಗುವುದಿಲ್ಲ. ಇಷ್ಟು ಸಂದೇಶ ಸಿದ್ಧವಿದೆ ಎಂಬ ಒಂದೇ ಸಾಲು ಅವನ ಫೋನಿಗೆ ಬರುತ್ತದೆ. ಬೇರೆ ಏನೇ ಇದ್ದರೂ ಅದು ಅಸಲಿ ಕೆಲಸ ಎಂದು ಪ್ರೋಗ್ರಾಮ್ ತಿಳಿಯುತ್ತದೆ. ಪರೀಕ್ಷೆ ಎಂದಮೇಲೆ ಗಟ್ಟಿಯಾಗೇ ಆಗಲಿ ಎಂದು, ಗಡುವು ಬಂದವರನ್ನು ಮಾತ್ರ ಆರಿಸುವ ಸಾಲನ್ನು ತೆಗೆದು, ರಿಜಿಸ್ಟರಿನಲ್ಲಿದ್ದ ಇನ್ನೂರ ಹನ್ನೆರಡು ಪ್ರಾಣಿಗಳನ್ನೂ ಪಟ್ಟಿಗೆ ಎಳೆದುಕೊಂಡ.

ಚಾಲನೆ ಕೊಟ್ಟರೆ "ಅಂಥದ್ದು ಇಲ್ಲವೇ ಇಲ್ಲ" ಎಂದಿತು ಲಿನಕ್ಸ್. ಕಣ್ಣೆದುರಿಗೆ ಕಡತ ಕಲ್ಲಿನಂತೆ ಕೂತಿದೆ, ಇದು ನೋಡಿದರೆ ಇಲ್ಲ ಎನ್ನುತ್ತದೆ! ಆ ಸಾಲಿನ ನಡುವೆ ತಲೆಯ ಮೇಲೊಂದು ಸಣ್ಣ ಟೋಪಿ ಇಟ್ಟುಕೊಂಡ ಇಂಗ್ಲಿಷಿನ ಎಂ ಅಕ್ಷರವೂ ಕಾಣಿಸಿತು. ಕಸವಿರಬೇಕೆಂದು ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಾರಣ ಹುಡುಕುವುದು ತಾಳ್ಮೆ ಇರುವವರ ಕೆಲಸ. ಅವನು ಚಾಲನೆಯ ಕಡತವನ್ನು ಅಳಿಸಿ, ಅದರ ಏಳೂ ಸಾಲುಗಳನ್ನು ಲಿನಕ್ಸಿನ ಒಳಗೇ ಹೊಸದಾಗಿ ಟೈಪು ಮಾಡಿದ. ಗಾಡಿ ಹೊರಟಿತು. ಸೆಟ್ಟಿಂಗ್ಸಿನ ಕಡತ ಮಾತ್ರ ಹಾಗೆಯೇ ಉಳಿಯಿತು.

ಮಾದರಿಗೆಂದು ಅವನು ಬರೆದಿದ್ದ ಸಂದೇಶ ಹೀಗಿತ್ತು: "ನಿಮ್ಮ ಪ್ರೀತಿಯ ಇಂಥವರನ್ನು ಇಂದು ಸಂಜೆ ನಾಲ್ಕಕ್ಕೆ ಕ್ಲಿನಿಕ್ಕಿಗೆ ಕರೆತನ್ನಿ." ಇಂಥವರು ಎಂಬಲ್ಲಿ ಪ್ರಾಣಿಯ ಹೆಸರು ತಾನಾಗಿ ಬಂದು ಕೂರುತ್ತಿತ್ತು. ಕಳಿಸಿ, ತನ್ನ ಫೋನು ನೋಡಿದ. ಏನೂ ಬರಲಿಲ್ಲ. ಸಂದೇಶಕ್ಕೆ "ತಡ ಮಾಡಿದರೆ ಕಷ್ಟ" ಎಂದು ಸೇರಿಸಿ ಮತ್ತೆ ಕಳಿಸಿದ. ಫೋನು ತೆಪ್ಪಗಿತ್ತು. ಮೂರನೆಯ ಸಲಕ್ಕೆ ತಾಳ್ಮೆ ಕೆಟ್ಟು, ಯಂತ್ರವನ್ನೇ ಗದರಿಸುವವನಂತೆ, "ಏನು, ಉತ್ತರವೇ ಇಲ್ಲವಲ್ಲ? ಡಾಕ್ಟರು ಬಾಗಿಲಲ್ಲೇ ನಿಂತಿದ್ದಾರೆ!" ಎಂದು ಜಡಿದ. ಆಗಲೂ ಫೋನು ಮಿಸುಕಾಡದಿದ್ದಾಗ, ಸಂದೇಶ ಕಳಿಸುವ ಸೇವೆಯವರದೇ ಏನೋ ತೊಂದರೆ ಎಂದು ತೀರ್ಪು ಕೊಟ್ಟು, ಮೇಲೆ ಹೋಗಿ ಉಂಡು ಮಲಗಿದ.

ಎಬ್ಬಿಸಿದ್ದು ನಾಯಿಗಳು. ಒಂದಲ್ಲ, ಎರಡಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಸರಪಳಿ, ಬುಟ್ಟಿ, ಪಂಜರ. ಎರಡು ಮೊಲ, ಒಂದು ಆಮೆ, ಯಾರದೋ ಬಗಲಲ್ಲಿ ಕುರಿಮರಿ. ಒಂದು ಗಿಳಿ "ತಡ ಮಾಡಿದರೆ ಕಷ್ಟ" ಎಂದು ಅರಚುತ್ತಿತ್ತು. ಅದರ ಯಜಮಾನ ಸಂದೇಶವನ್ನು ಎಷ್ಟು ಸಲ ಗಟ್ಟಿಯಾಗಿ ಓದಿಕೊಂಡಿದ್ದನೋ ಪಾಪ. ಗಡಿಯಾರ ಮೂರು ಮುಕ್ಕಾಲು ತೋರಿಸುತ್ತಿತ್ತು. ಅರ್ಧಗಂಟೆಗೆ ನಿದ್ದೆಯ ಜೊತೆ ಜೀವವೂ ಹಾರಿದಂತಾಯಿತು.

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಡಾಕ್ಟರಮ್ಮ ಯಾರದೋ ಫೋನು ಇಸಿದುಕೊಂಡು ಮೂರೂ ಸಂದೇಶ ಓದಿ ಮುಗಿಸಿದ್ದಳು. ಬಾಗಿಲಲ್ಲಿ ನಿಂತಿದ್ದಳು, ಸಂದೇಶದಲ್ಲಿ ಬರೆದ ಹಾಗೆಯೇ. ಫೋನನ್ನು ಗಂಡನ ಮುಖದ ಮುಂದೆ ಹಿಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಜನ ಅವಳನ್ನು ಮುತ್ತಿಕೊಂಡು, ನಮ್ಮದಕ್ಕೆ ಏನು ರೋಗ, ನೀವು ಏನನ್ನಾದರೂ ಮುಚ್ಚಿಡುತ್ತಿದ್ದೀರಾ ಎಂದು ಕೇಳುತ್ತಿದ್ದರು. ಒಬ್ಬಾಕೆ ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು. ಹತ್ತು ವರ್ಷ ಕಷ್ಟಪಟ್ಟು ಗಳಿಸಿದ ನಂಬಿಕೆ ಒಂದು ಮಧ್ಯಾಹ್ನದಲ್ಲಿ ಬಾಗಿಲು ದಾಟಿ ಹೋಗುವುದರಲ್ಲಿತ್ತು.

ಆಗ ಗುಂಪನ್ನು ಬಿಡಿಸಿಕೊಂಡು ಒಬ್ಬ ಹಿರಿಯರು ಮುಂದೆ ಬಂದರು. ನಿವೃತ್ತ ಬಸ್ ಕಂಡಕ್ಟರು. ಕೈಯಲ್ಲಿ ಸರಪಳಿಯೂ ಇರಲಿಲ್ಲ, ಬುಟ್ಟಿಯೂ ಇರಲಿಲ್ಲ. ಅವರನ್ನು ಕಂಡದ್ದೇ ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಅವರ ನಾಯಿಯ ಹೆಸರು ಟಿಕೆಟ್.

"ಟಿಕೆಟ್ ಹೋಗಿ ಏಳು ತಿಂಗಳಾಯ್ತಲ್ಲಮ್ಮ" ಎಂದರು ಅವರು ಮೆಲ್ಲಗೆ. "ನಿಮಗೂ ಗೊತ್ತು, ನಿಮ್ಮ ಕೈಯಲ್ಲೇ ಹೋಯ್ತು. ಆದರೂ ಮೂರು ಸಲ ಮೆಸೇಜು ಬಂತು. ನೀವು ಬಾಗಿಲಲ್ಲೇ ನಿಂತಿದ್ದೀರಿ ಅಂತ ಬರೆದಿತ್ತು. ಸುಮ್ಮನೆ ಕಾಯಬಾರದಲ್ಲ, ಅದು ಬರೋದಿಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ."

ಅಲ್ಲಿಯವರೆಗೆ ಅರ್ಧಗಂಟೆಯ ತಲೆಯಲ್ಲಿ ಇನ್ನೂರ ಹನ್ನೆರಡು ಎಂಬುದು ಬರೀ ಸಂಖ್ಯೆ. ಅವನು ಹೆಂಡತಿಯ ಹಿಂದಿನಿಂದ ಮುಂದೆ ಬಂದು, ಇದು ಡಾಕ್ಟರ ತಪ್ಪಲ್ಲ, ಕಳಿಸಿದವನು ನಾನು, ನೋಡದೆ ಕಳಿಸಿದೆ, ಕ್ಷಮಿಸಿ ಎಂದು ಅವರ ಎರಡೂ ಕೈ ಹಿಡಿದುಕೊಂಡ. ಬೀದಿಗೆಲ್ಲ ಕೇಳಿಸಿತು. ಅವನಿಗೆ ಅದರ ಪರಿವೆ ಇರಲಿಲ್ಲ.

ಕಂಡಕ್ಟರು ಅವನ ಮುಖ ನೋಡಿದರು. ಆಮೇಲೆ ಬೀದಿ ನೋಡಿದರು. ಮೂವತ್ತೈದು ವರ್ಷ ತುಂಬಿದ ಬಸ್ಸಿನಲ್ಲಿ ನಿಂತವರು. ಇಂಥ ಜಂಗುಳಿಯನ್ನು ಬಿಟ್ಟು ಮನೆಗೆ ಹೋಗುವುದು ಅವರ ಕೈಲಾಗಲಿಲ್ಲ. ಅಂಗಿಯ ತೋಳು ಮಡಿಸಿಕೊಂಡು, "ಬೆಕ್ಕು, ಮೊಲ, ಗಿಳಿ ಎಲ್ಲ ಮುಂದಿನ ಬಾಗಿಲು. ನಾಯಿಗಳು ಹಿಂದಿನ ಬಾಗಿಲು. ಇಳಿಯೋರಿಗೆ ದಾರಿ ಬಿಟ್ಟು ಹತ್ತಿ" ಎಂದರು. ಏನಾಶ್ಚರ್ಯ, ಮನುಷ್ಯರು ಮಾತ್ರವಲ್ಲ, ನಾಯಿಗಳೂ ಸರಿದು ನಿಂತವು. ಆಮೆಯನ್ನು ಹಿಡಿದವರಿಗೆ, ನಿಮಗೆ ಅವಸರವಿಲ್ಲ ತಾನೇ ಎಂದು ಕೇಳಿ ಕೊನೆಗೆ ಕೂರಿಸಿದರು.

ಡಾಕ್ಟರಮ್ಮ ರಿಜಿಸ್ಟರ್ ಬಿಚ್ಚಿದಳು. ಯಾರಿಗೂ ರೋಗವಿಲ್ಲ, ಸಂದೇಶ ತಪ್ಪಾಗಿ ಬಂದಿದೆ ಎಂದು ಒಬ್ಬೊಬ್ಬರಿಗೂ ಹೇಳಿದಳು. ಬಂದದ್ದು ಬಂದಿರಿ, ನೋಡಿಯೇ ಕಳಿಸುತ್ತೇನೆ ಎಂದಳು. ನೋಡುತ್ತ ಹೋದರೆ ನಲವತ್ತೊಂದು ಪ್ರಾಣಿಗಳ ಲಸಿಕೆ ಯಾವ ಕಾಲದಲ್ಲೋ ತಪ್ಪಿಹೋಗಿತ್ತು. ಅತ್ತೆ ಚೀಟಿ ಬರೆದರು. ಅರ್ಧಗಂಟೆಗೆ ನೆಲ ಒರೆಸುವ ಕೆಲಸ ಸಿಕ್ಕಿತು. ಅಷ್ಟು ನಾಯಿಗಳು ಒಂದೇ ಕಂಬದ ಪಕ್ಕ ಕಾದು ನಿಂತಾಗ ಆ ಕೆಲಸಕ್ಕೆ ಕೊನೆ ಎಂಬುದೇ ಇರುವುದಿಲ್ಲ.

ಏಳು ಗಂಟೆಗೆ ಆಮೆಯೂ ಹೋಯಿತು. ಕಂಡಕ್ಟರು ಚಹಾ ಕುಡಿದು, ಟಿಕೆಟಿನ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕುವುದೇನೂ ಬೇಡ, ಮೆಸೇಜು ಮಾತ್ರ ಬೇಡ ಎಂದು ಹೇಳಿ ಹೊರಟರು. ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದು, ಈಗ ಹೇಳಿ ಎಂಬಂತೆ ಗಂಡನನ್ನು ನೋಡಿದಳು. ಅವನು ಸೆಟ್ಟಿಂಗ್ಸಿನ ಕಡತ ತೆರೆದು ತೋರಿಸಿ, ನೋಡು, "ಪರೀಕ್ಷೆ" ಅಂತ ಕಣ್ಣಿಗೆ ಹೊಡೆಯುವ ಹಾಗೆ ಇದೆ, ಇಷ್ಟಿದ್ದೂ ಪ್ರೋಗ್ರಾಮ್ ಯಾಕೆ ಅಸಲಿ ಎಂದುಕೊಂಡಿತೋ ನನಗೆ ನಿಜವಾಗಿಯೂ ಗೊತ್ತಿಲ್ಲ ಎಂದ. ನಿಜವಾಗಿಯೂ ಗೊತ್ತಿಲ್ಲ ಎಂಬ ಮಾತು ಮದುವೆಯಾದ ಮೇಲೆ ಅವನ ಬಾಯಿಂದ ಬಂದದ್ದು ಅದೇ ಮೊದಲು.

ಅತ್ತೆ ಹೆಣಿಗೆಯ ಕಡ್ಡಿ ಕೆಳಗಿಟ್ಟರು. ಮಧ್ಯಾಹ್ನ ಒಂದು ತಕರಾರು ಬಂದಿತ್ತಲ್ಲ, ಅದರಲ್ಲಿ ಏನಿತ್ತು ಎಂದು ಕೇಳಿದರು. ಟೋಪಿ ಹಾಕಿಕೊಂಡ ಒಂದು ಎಂ ಇತ್ತು ಎಂದ ಅವನು. ಎಲ್ಲಿ ಎಂದರು. ತಕರಾರಿನ ನಡುವೆ, ನನ್ನ ಕಡತದ ಮೊದಲನೆಯ ಸಾಲನ್ನು ಎತ್ತಿ ತೋರಿಸಿತ್ತಲ್ಲ, ಆ ಸಾಲು ಮುಗಿಯುವ ಕಡೆ ಎಂದ.

"ಅಳಿಯಂದಿರೇ, ನಮ್ಮ ಟೆಲಿಪ್ರಿಂಟರಿನಲ್ಲಿ ಸಾಲು ಮುಗಿದರೆ ಎರಡು ಕೀಲಿ ಒತ್ತಬೇಕಿತ್ತು. ಒಂದು ಒತ್ತಿದರೆ ಅಚ್ಚಿನ ಗಾಡಿ ಎಡಕ್ಕೆ ಬರ್ತಿತ್ತು, ಇನ್ನೊಂದು ಒತ್ತಿದರೆ ಕಾಗದ ಒಂದು ಸಾಲು ಮೇಲೇರ್ತಿತ್ತು. ನಿಮ್ಮದರಲ್ಲಿ ಎಷ್ಟು ಒತ್ತುತ್ತೆ?"

ಅಳಿಯ ನಗಲು ಬಾಯಿ ತೆರೆದ. ತೆರೆದ ಬಾಯಿ, ಅವನೇ ಪ್ರೋಗ್ರಾಮ್ ಬರೆದ ಲಿಫ್ಟಿನ ಬಾಗಿಲಿನಂತೆ, ಎಷ್ಟು ಹೊತ್ತಾದರೂ ಮುಚ್ಚಲಿಲ್ಲ. ಹೊರಗಿನ ವ್ಯವಸ್ಥೆ ಇಂದಿಗೂ ಸಾಲಿನ ಕೊನೆಗೆ ಆ ಎರಡೂ ಗುರುತು ಇಡುತ್ತದೆ. ಒಳಗಿನ ಲಿನಕ್ಸಿಗೆ ಬೇಕಾದದ್ದು ಒಂದೇ. ಗಾಡಿ ಎಡಕ್ಕೆ ತರುವ ಹೆಚ್ಚುವರಿ ಗುರುತು, ಬಿಳಿ ಪರದೆಯಲ್ಲಿ ಕಣ್ಣಿಗೂ ಕಾಣದೆ, ಪ್ರತಿ ಸಾಲಿನ ಕೊನೆಯ ಪದಕ್ಕೆ ಅಂಟಿಕೊಂಡಿತ್ತು. ಲಿನಕ್ಸ್ ಅದನ್ನು ತೋರಿಸಿದ್ದೇ ಟೋಪಿ ಹಾಕಿದ ಎಂ ಆಗಿ. ಚಾಲನೆಯ ಕಡತವನ್ನು ಅವನು ಹೊಸದಾಗಿ ಬರೆದದ್ದರಿಂದ ಅಲ್ಲಿ ಅದು ತೊಲಗಿತ್ತು. ಸೆಟ್ಟಿಂಗ್ಸಿನಲ್ಲಿ ಮಾತ್ರ "ಪರೀಕ್ಷೆ"ಯ ಹಿಂದೆ ಬಾಲದಂತೆ ಉಳಿದಿತ್ತು. ಬಾಲವಿರುವ ಪರೀಕ್ಷೆ ಪರೀಕ್ಷೆಯಲ್ಲ ಎಂದುಕೊಂಡ ಪ್ರೋಗ್ರಾಮ್, ಬೀದಿಯನ್ನೇ ಕರೆದಿತ್ತು.

"ಬಾಲ ಇದ್ದದ್ದನ್ನ ನೇರ ನನ್ನ ಹತ್ರ ತರಬೇಕಿತ್ತು" ಎಂದಳು ಡಾಕ್ಟರಮ್ಮ. ಬೆಳಿಗ್ಗೆಯಿಂದ ಅವಳ ಮುಖದಲ್ಲಿ ನಗೆ ಕಂಡದ್ದು ಆಗಲೇ. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಕ್ಷರ ಟೋಪಿ ಹಾಕಿಕೊಂಡದ್ದಲ್ಲ, ನಿಮಗೆ ಹಾಕಿದ್ದು ಎಂದರು.

ಬಾಲ ಕತ್ತರಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ಇನ್ನು ಮೇಲೆ ಒಳಗಿನ ಕಡತವನ್ನು ಒಳಗೇ ತಿದ್ದಬೇಕು ಎಂದು ಅವನು ಒಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದ. ಪರೀಕ್ಷೆ ನಡೆಸಿದಾಗ ಅವನ ಫೋನು ಕೂಗಿತು: "ಇನ್ನೂರ ಹನ್ನೆರಡು ಸಂದೇಶ ಸಿದ್ಧ." ಯಾರೂ ಚಪ್ಪಾಳೆ ತಟ್ಟಲಿಲ್ಲ.

ಶಿಕ್ಷೆಯನ್ನು ಡಾಕ್ಟರಮ್ಮ ಭಾನುವಾರ ಬೆಳಿಗ್ಗೆ ಓದಿ ಹೇಳಿದಳು. ಕ್ಷಮೆ ಕೇಳಲು ಪ್ರೋಗ್ರಾಮ್ ಬೇಡ, ಸಂದೇಶವೂ ಬೇಡ. ಒಬ್ಬೊಬ್ಬರಿಗೂ ಅವನೇ ಫೋನ್ ಮಾಡಬೇಕು, ತನ್ನ ಬಾಯಿಂದಲೇ ಹೇಳಬೇಕು. ಕಂಡಕ್ಟರಿಗೆ ನಿನ್ನೆಯೇ ಹೇಳಿದ್ದರಿಂದ ಉಳಿದದ್ದು ಇನ್ನೂರ ಹನ್ನೊಂದು. ಏನು ಹೇಳಬೇಕೆಂಬುದನ್ನು ಅತ್ತೆ ಹನ್ನೊಂದೇ ಪದದಲ್ಲಿ ಬರೆದುಕೊಟ್ಟರು.

ಅವನು ಹೇಳಿದ. ಕೆಲವರು ನಕ್ಕರು, ಕೆಲವರು ಬೈದರು, ಒಬ್ಬರು ಫೋನನ್ನು ನಾಯಿಯ ಕಿವಿಗೆ ಹಿಡಿದು ಅದಕ್ಕೂ ಹೇಳಿ ಎಂದರು. ಮಧ್ಯಾಹ್ನದ ಹೊತ್ತಿಗೆ ದನಿ ಕುಸಿದು, ಹನ್ನೊಂದು ಪದಗಳೂ ಒಂದೇ ರಾಗದಲ್ಲಿ ಬರತೊಡಗಿದವು. ತೊಂಬತ್ತೆಂಟನೆಯ ಕರೆ ಒಬ್ಬ ಅಜ್ಜಿಗೆ, ಮೊಲ ಸಾಕಿದವರು. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಪ್ರಶ್ನೆ ಹಾಕಿದರು.

"ಇದು ಮಾತಾಡ್ತಿರೋದು ಯಂತ್ರವೋ, ಮನುಷ್ಯರೋ?"

"ಮನುಷ್ಯನೇ ಅಜ್ಜಿ. ಡಾಕ್ಟರ ಗಂಡ. ಮೆಸೇಜು ಕಳಿಸಿದವನೂ ನಾನೇ."

"ನಾನೂ ಹಾಗೇ ಅಂದ್ಕೊಂಡೆ ಬಿಡಪ್ಪ" ಎಂದರು ಅಜ್ಜಿ, ಸಮಾಧಾನದ ದನಿಯಲ್ಲಿ. "ಯಂತ್ರಕ್ಕೆ ಅಷ್ಟೊಂದು ಬುದ್ಧಿ ಎಲ್ಲಿಂದ ಬರಬೇಕು, ಒಂದೇ ತಪ್ಪನ್ನ ಮೂರು ಸಲ ತಿದ್ದಿ ತಿದ್ದಿ ಮಾಡೋಕೆ?"